ಗುಡುಗು ಪೈಲ್ವಾನನ ಮಾನ್ವಿ ಹೆಂಡತಿ

ಸೂಗಪ್ಪ ತನ್ನ ಜೀವಮಾನದಲ್ಲಿ ಕುಸ್ತಿ ಹಿಡಿದದ್ದು ನಾಲ್ಕೇ ಸಲ. ನಾಲ್ಕನೆಯ ಸಲ ದೇವದುರ್ಗದ ಗರಡಿಯಲ್ಲಿ ಬಲ ಮೊಣಕಾಲು ಹೊರಳಿತು. ಆಮೇಲೆ ಅದು ಮಡಚಲಿಲ್ಲ. ಆಗ ಅವನಿಗೆ ಇಪ್ಪತ್ತು.

ಮರುವರ್ಷ, ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ, ಬಂಡೆಮ್ಮನನ್ನು ತಂದುಕೊಂಡರು. ಅಕ್ಕಿಕಾಳು ಬೀಳುವಾಗ ಅವನು ಒಂದು ಕಾಲು ಚಾಚಿಕೊಂಡೇ ಕೂತಿದ್ದ. “ಅಳಿಯ ನವಾಬ ಕುಂತಂಗ ಕುಂತಾನ ನೋಡ್ರಿ” ಎಂದು ಹೆಂಗಸರು ನಕ್ಕರು. ಬಂಡೆಮ್ಮನೂ ನಕ್ಕಳು. ಕಾಲಿನ ಸುದ್ದಿ ಅವಳಿಗೆ ತಿಳಿದದ್ದು ಮೂರನೆಯ ದಿನ.

ರಾಯಚೂರಿನಲ್ಲಿ ಒಂದು ಹತ್ತಿ ಮಿಲ್ಲಿನ ಗೇಟು ಕಾಯುವ ಕೆಲಸ ಸಿಕ್ಕಿತು. ಕೂತು ಮಾಡುವ ಕೆಲಸ. ಒಂದು ಕೋಣೆಯ ಮನೆ, ಪಕ್ಕದಲ್ಲಿ ಅಮೀರ್ ಬೀ. ಅವಳ ಗಂಡ ಅದೇ ಮಿಲ್ಲಿನಲ್ಲಿ ಹತ್ತಿ ಒತ್ತಿ ಅಂಡಿಗೆ ಕಟ್ಟುತ್ತಿದ್ದ.

ಸೂಗಪ್ಪ ಕೆಟ್ಟವನಲ್ಲ. ಕುಡಿಯಲಿಲ್ಲ, ಹೊಡೆಯಲಿಲ್ಲ. ಮಾತು ಮಾತ್ರ ಇರಲಿಲ್ಲ. ಊಟಕ್ಕೆ ಕೂತರೆ ಎರಡೇ ಮಾತು. “ಉಪ್ಪು” ಅಂದರೆ ಉಪ್ಪು ಕೊಡಬೇಕು, “ಸಾಕು” ಅಂದರೆ ಬಡಿಸುವುದು ನಿಲ್ಲಿಸಬೇಕು. ಸ್ಟೂಲಿನ ಮೇಲೆ ಕೂತು, ಕಾಲು ಮುಂದಕ್ಕೆ ಚಾಚಿ, ತಾಟು ಕೈಯಲ್ಲಿ ಹಿಡಿದು ಉಣ್ಣುತ್ತಿದ್ದ. ಅವನು ಎದ್ದ ಮೇಲೆ ಅದೇ ತಾಟಿನಲ್ಲಿ ಬಂಡೆಮ್ಮ ಉಣ್ಣುತ್ತಿದ್ದಳು. ಅವಳ ತಾಯಿ ಹಾಗೆಯೇ ಉಂಡಿದ್ದಳು, ಅತ್ತೆ ಹಾಗೆಯೇ ಉಂಡಿದ್ದಳು. ಅದರ ಬಗ್ಗೆ ಅವಳಿಗೆ ದುಃಖವೇನೂ ಇರಲಿಲ್ಲ. ಆಗ ಇರಲಿಲ್ಲ. ರಾತ್ರಿ ಅವನ ಮೊಣಕಾಲಿಗೆ ಔಡಲೆಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಅವನು ಮಾಡು ನೋಡುತ್ತ ಮಲಗಿರುತ್ತಿದ್ದ.

ಎಪ್ಪತ್ನಾಲ್ಕರಲ್ಲಿ ಊರಿಗೆ ಟಿಕೀಟಿನ ಕುಸ್ತಿಯವರು ಬಂದರು. ಲಾರಿ ತುಂಬ ಪೈಲ್ವಾನರು. ಒಬ್ಬನಿಗೆ ಮುಖದ ಮೇಲೆ ಕರೀ ಮುಸುಕು. ಜಟಕಾದಲ್ಲಿ ಮೈಕು ಹಿಡಿದು ಊರೆಲ್ಲ ಸಾರಿದವನು ವೆಂಕೋಬ. ಬೇರೆ ದಿನಗಳಲ್ಲಿ ಅವನು ಸಿನಿಮಾ ಸಾರುತ್ತಿದ್ದ. ಎಂಟು ದಿನ ಅವರ ಡೇರೆಯಲ್ಲೇ ಇದ್ದು ಒಳಗಿನ ಗುಟ್ಟೆಲ್ಲ ತಿಳಿದುಕೊಂಡ. ಅವರು ಲಾರಿ ಹತ್ತಿ ಹೋದ ಮೇಲೆ ಮಿಲ್ಲಿನ ಗೇಟಿಗೆ ಬಂದು ಕೂತು ಹೇಳಿದ:

“ಎಲ್ಲಾ ನೂರಾ ಕುಸ್ತಿ, ಸೂಗಪ್ಪ. ಯಾರು ಬೀಳಬೇಕು ಅಂತ ಮಾಲಕ ಮುಂಜಾನೀನ ಹೇಳಿಬಿಡ್ತಾನ. ಬೀಳಾಂವ ಹೆಂಗ ಬೀಳ್ತಾನ, ಮಂದಿ ಎದ್ದು ನಿಂತು ಸೀಟಿ ಹೊಡೀತಾರೋ ಇಲ್ಲೋ, ಅಷ್ಟs ಆಟ.”

ಸೂಗಪ್ಪ ತನ್ನ ಮೊಣಕಾಲು ನೋಡಿಕೊಂಡ. ಆಮೇಲೆ ಅಂದ, “ಹಂಗಾದ್ರ ಕಾಲು ಇಲ್ದಾಂವನೂ ಆಡಬಹುದಲ್ಲೋ.”

ಅಲ್ಲಿಂದ ಶುರುವಾಯಿತು. ಭಾನುವಾರ ಮಿಲ್ಲು ಬಂದ್. ಮಧ್ಯಾಹ್ನ ಗೇಟಿನ ಕೋಣೆಯಲ್ಲಿ ನಾಲ್ವರು ಸೇರುತ್ತಿದ್ದರು: ಸೂಗಪ್ಪ, ವೆಂಕೋಬ, ಅಮೀರ್ ಬೀಯ ಗಂಡ, ಬಾಳೆಹಣ್ಣಿನ ಬಂಡಿಯ ಹನುಮಂತ್ರಾಯ. ನೆಲದ ಮೇಲೆ ಸೀಮೆಸುಣ್ಣದ ಚೌಕ. ನಾಲ್ಕು ಕವಡೆ. ಒಬ್ಬೊಬ್ಬ ಪೈಲ್ವಾನನಿಗೆ ಒಂದೊಂದು ಹುಣಸೆಬೀಜ. ಯಾರು ಗೆಲ್ಲಬೇಕು ಎಂದು ಮಾಲಕನಾದ ವೆಂಕೋಬ ಹೇಳುವನು. ಪಟ್ಟು ಹೇಗೆ, ಬೀಳುವುದು ಹೇಗೆ ಎಂದು ಆಡುವವನು ಬಾಯಲ್ಲಿ ಹೇಳಬೇಕು. ಹೇಳಿ ಕವಡೆ ಬೀಸಬೇಕು. ಎರಡೋ ಹೆಚ್ಚೋ ಕವಡೆಯ ಬಾಯಿ ಮೇಲಾದರೆ ಮಂದಿ ಸೀಟಿ ಹೊಡೆದರು ಎಂದು ಲೆಕ್ಕ. ಒಂದೇ ಆದರೆ ಸುಮ್ಮನೆ ಕೂತರು. ಒಂದೂ ಇಲ್ಲದಿದ್ದರೆ ಚಪ್ಪಲಿ ಬಿದ್ದವು. ಈ ವಾರ ಕವಿತಾಳ, ಮುಂದಿನ ವಾರ ದೇವದುರ್ಗ, ಹೀಗೆ ಊರೂರು ತಿರುಗುವ ಕಥೆ ವರ್ಷಗಟ್ಟಲೆ ನಡೆಯಿತು. ಅಮೀರ್ ಬೀಯ ಗಂಡ ಕರೀ ಮುಸುಕಿನವನು. ಸೂಗಪ್ಪ ಗುಡುಗು ಪೈಲ್ವಾನ.

ಬಂಡೆಮ್ಮನಿಗೆ ಇದೇನೂ ಗೊತ್ತಿರಲಿಲ್ಲ. ಗಂಡಸರು ಕವಡೆ ಆಡುತ್ತಾರೆ ಎಂದಷ್ಟೇ ತಿಳಿದಿದ್ದಳು.

ಎಪ್ಪತ್ತೆಂಟರ ಬೇಸಿಗೆ. ಅವಳು ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಳು. ಬಂಡಿಯ ಆಚೆ ಹನುಮಂತ್ರಾಯನ ದನಿ ಕೇಳಿತು. “ಏನು ಪೈಲ್ವಾನ, ಮಾನ್ವಿಯಾಗ ಕನಕಮ್ಮಕ್ಕ ಆರಾಮ ಅದಾಳ? ಹಸರು ಸೀರಿ ಒಯ್ದಿದ್ಯಲ್ಲ, ಉಟ್ಟಳೇನು?”

“ಉಟ್ಟಳು. ಬಾಳ ಚೆಂದ ಕಾಣ್ತಾಳಲೇ” ಎಂದು ಒಬ್ಬ ಗಂಡಸು ಬಾಯಿ ತುಂಬ ನಕ್ಕ.

ಬಂಡೆಮ್ಮ ಬಗ್ಗಿ ನೋಡಿದಳು. ಸೂಗಪ್ಪ. ಏಳು ವರ್ಷದಲ್ಲಿ ಆ ನಗು ಅವಳು ಕೇಳಿರಲಿಲ್ಲ.

ಬದನೆಕಾಯಿ ಅಲ್ಲೇ ಬಿಟ್ಟಳು. ಮರುದಿನ ಅವನು ಗೇಟಿಗೆ ಹೋದದ್ದೇ ತಡ, ಮಾನ್ವಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಳು. ಇಳಿದವಳೇ ಬಸ್‌ಸ್ಟ್ಯಾಂಡಿನ ಹತ್ತಿರ ಬಳೆ ಮಾರುತ್ತಿದ್ದ ಉಮ್ಮೇ ಕುಲ್ಸುಮ್ ಎಂಬ ಮುದುಕಿಯನ್ನು ಹಿಡಿದಳು.

“ಪೈಲ್ವಾನನ ಹೇಂತಿ ಕನಕಮ್ಮನ ಮನಿ ಎಲ್ಲದ?”

“ಪೈಲ್ವಾನ ನನಗ ಗೊತ್ತಿಲ್ಲವ್ವ. ಕನಕಮ್ಮ ಬೇಕಂದ್ರ ಈ ಓಣ್ಯಾಗ ಮೂರು ಮಂದಿ ಅದಾರ. ಮೂವರಿಗೂ ಬಳಿ ಇಟ್ಟಾಕಿ ನಾನ. ಯಾವಾಕಿ ಬೇಕು?”

“ಹಸರು ಸೀರಿಯಾಕಿ.”

ಮೂವರನ್ನೂ ನೋಡಿದಳು. ಒಬ್ಬಳಿಗೆ ಹಲ್ಲಿರಲಿಲ್ಲ. ಒಬ್ಬಳು ತೊಟ್ಟಿಲಲ್ಲಿದ್ದಳು. ಮೂರನೆಯವಳು ಹಸಿರು ಸೀರೆ ಉಟ್ಟು ಶಾವಿಗೆ ಒಣಹಾಕುತ್ತಿದ್ದಳು. ಬಂಡೆಮ್ಮ ಹೋಗಿ ಸೀದಾ ಅವಳ ಜುಟ್ಟಿಗೆ ಕೈ ಹಾಕಿದಳು. ಅವಳ ಗಂಡ ಒಳಗಿಂದ ಬಂದ. ಎರಡೂ ಕಾಲು ಚೆನ್ನಾಗಿದ್ದ ಗಂಡ. ಬಂಡೆಮ್ಮ ಕೈ ಬಿಟ್ಟಳು, ಕ್ಷಮೆ ಕೇಳಲಿಲ್ಲ. ಚೆಲ್ಲಿದ ಶಾವಿಗೆ ಎತ್ತಿಕೊಟ್ಟು ಬಸ್ಸು ಹತ್ತಿದಳು.

ಸಂಜೆ ಅಮೀರ್ ಬೀ ಮುಂದೆ ಅತ್ತಳು. ಅಮೀರ್ ಬೀ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

“ತೋಬಾ ತೋಬಾ! ಅಕ್ಕಾ, ಆಕಿ ಹೆಂಗಸಲ್ಲ. ಒಂದು ಗುಲಗಂಜಿ. ಆಟದಾಗಿನ ಹೇಂತಿ. ವೆಂಕೋಬ ಹೆಣ್ಣದನಿ ಮಾಡಿ ಮಾತಾಡ್ತಾನಂತ. ನಮ್ಮಾಂವ ದಿನಾ ಹೇಳಿ ನಗ್ತಾನ.”

ಬಂಡೆಮ್ಮನಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಮೈಯುಳ್ಳವಳಾದರೆ ಜುಟ್ಟು ಹಿಡಿಯಬಹುದು. ಗುಲಗಂಜಿಗೆ ಏನು ಹಿಡಿಯುವುದು?

ಆ ಭಾನುವಾರ ಬುತ್ತಿ ಕೊಡುವ ನೆವ ಮಾಡಿಕೊಂಡು ಗೇಟಿನ ಕೋಣೆಗೆ ಹೋದಳು. ಒಳಗೆ ಹೋಗದೆ ಕಿಟಕಿಯ ಪಕ್ಕ ನಿಂತಳು. ಪೈಲ್ವಾನ ಕುಸ್ತಿಗೆ ಹೊರಡುವ ಮೊದಲು ಮನೆಯಲ್ಲಿ ಉಂಡು ಹೋಗಬೇಕು, ಅದು ಆಟದ ನೇಮ. ವೆಂಕೋಬ ಸಣ್ಣ ದನಿಯಲ್ಲಿ, “ಬಡಸ್ಲೇನು?” ಅಂದ.

ಸೂಗಪ್ಪನ ದನಿ ಬಂತು. ಮೆತ್ತಗಿತ್ತು. “ಬಾ ಕನಕಾ, ಕುಂದ್ರು. ನನ್ನ ಬಾಜೂಕ ಕುಂದ್ರು. ನೀನೂ ಉಣ್ಣು.”

ಬುತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದುಬಿಟ್ಟಳು. ಆ ದಿನದಿಂದ ಅವನು ಉಂಡ ತಾಟು ಅವಳಿಗೆ ಚುಚ್ಚತೊಡಗಿತು. ಅವಳಿಗೆ ಸೀರೆ ಬೇಕಿರಲಿಲ್ಲ, ಬಂಗಾರ ಬೇಕಿರಲಿಲ್ಲ. ಆ ಒಂದು ಮಾತು ಬೇಕಿತ್ತು. “ಕುಂದ್ರು, ನೀನೂ ಉಣ್ಣು.” ಅದು ತನ್ನ ಪಾಲಿನ ಮಾತು. ಅವನು ಒಯ್ದು ಗುಲಗಂಜಿಗೆ ಕೊಟ್ಟಿದ್ದ. ಬಾಯಿಬಿಟ್ಟು ಕೇಳಬಹುದಿತ್ತು. ಕೇಳಿ ತಿಂದರೆ ಅದು ಭಿಕ್ಷೆ.

ಒಂದು ಸೋಮವಾರ ಅಂಗಿ ಒಗೆಯುವಾಗ ಜೇಬಿನಲ್ಲಿ ಆ ಗುಲಗಂಜಿ ಸಿಕ್ಕಿತು. ಕೆಂಪು ಮೈ, ಕರೀ ತಲೆ. ಬಂಡೆಮ್ಮ ಅದನ್ನು ಬಚ್ಚಲ ಮೋರಿಗೆ ಎಸೆದಳು.

ಸೂಗಪ್ಪ ಬಂದು ಅಂಗಿ ಝಾಡಿಸಿದ. ಅವಳ ಮುಖ ನೋಡಿದ. ಅವಳ ಕಣ್ಣು ಬಚ್ಚಲ ಮೋರಿಯ ಕಡೆ ಹೊರಳಿತು. ಹಿತ್ತಲಿಗೆ ಹೋಗಿ ನೆಲಕ್ಕೆ ಕೈ ಊರಿ, ಮಡಚದ ಕಾಲನ್ನು ಹಿಂದಕ್ಕೆ ಎಳೆದುಕೊಂಡು, ಮೋರಿಯ ರಾಡಿಯಲ್ಲಿ ಕೈಯಾಡಿಸಿದ. ದೇವರ ಮುಂದೆ ಕೂಡ ಅವನು ಹಾಗೆ ನೆಲಕ್ಕೆ ಬಿದ್ದವನಲ್ಲ. ಅವಳಿಗೆ ತಡೆಯಲಾಗಲಿಲ್ಲ.

“ಆಕಿ ಸಲುವಾಗಿ ರಾಡ್ಯಾಗ ಬೀಳ್ತೀಯೇನು? ಕಟಗೊಂಡಾಕಿ ನಾ ಇಲ್ಲಿ ನಿಂತೀನಿ!”

“ಗೊತ್ತದ.”

“ಏನು ಗೊತ್ತದ? ಆಕೀನ್ನ ಬಿಡು. ಇಲ್ಲಂದ್ರ ನಾ ತವರಿಗಿ ಹೊಂಟೆ.”

ಅವನಿಗೆ ಗುಲಗಂಜಿ ಸಿಕ್ಕಿತ್ತು. ನೀರಲ್ಲಿ ತೊಳೆದು ಧೋತರಕ್ಕೆ ಒರೆಸಿದ. “ನೀ ಸೂಗಪ್ಪನ ಹೇಂತಿ” ಅಂದ. “ಆಕಿ ಗುಡುಗು ಪೈಲ್ವಾನನ ಹೇಂತಿ. ಆತ ಕಾಲು ಮಡಚಿ ನೆಲಕ್ಕ ಕುಂದ್ರತಾನ. ಆಕಿ ಈ ಕಾಲು ನೋಡಿಲ್ಲ.”

ಅವನು ಅಷ್ಟು ಉದ್ದ ಮಾತಾಡಿದ್ದು ಅದೊಂದೇ ಸಲ. ಬಂಡೆಮ್ಮ ತವರಿಗೆ ಹೋಗಲಿಲ್ಲ. ಆದರೆ ಹೊಟ್ಟೆಕಿಚ್ಚು ಆರಲಿಲ್ಲ, ಇನ್ನೂ ಉರಿಯಿತು. ಕಾಲು ತಿಕ್ಕಲು ತಾನು. ಪಕ್ಕದಲ್ಲಿ ಕೂತು ಉಣ್ಣಲು ಅವಳು. ಆ ರಾತ್ರಿ ಎಣ್ಣೆ ಹಚ್ಚುವಾಗ ಉಗುರು ನಾಟುವಂತೆ ಒತ್ತಿದಳು. ಅವನು ಮಾಡು ನೋಡುತ್ತಲೇ ಇದ್ದ.

ಎಂಟು ವರ್ಷ ಹೀಗೇ ಕಳೆಯಿತು. ಎಂಬತ್ತಾರರಲ್ಲಿ ಅವನಿಗೆ ಕಾಮಾಲೆ ಆಯಿತು. ಕಣ್ಣು, ಉಗುರು ಅರಿಶಿನವಾದವು. ಬಂಡೆಮ್ಮ ಗಂಜಿ ಕುಡಿಸಿದಳು. ಈಗಲಾದರೂ ಆ ಮಾತು ಅಂದಾನು ಎಂದು ಪ್ರತಿ ಗುಟುಕಿಗೂ ಅವನ ಬಾಯಿ ನೋಡಿದಳು. ಕಡೆಯ ದಿನ ಅವನು ತುಟಿ ಅಲ್ಲಾಡಿಸಿದ. ಅವಳು ಕಿವಿ ಹತ್ತಿರ ತಂದಳು.

“ಉಪ್ಪು” ಅಂದ.

ಉಪ್ಪು ತರಲು ಎದ್ದಳು. ತಿರುಗಿ ಬರುವಷ್ಟರಲ್ಲಿ ಮುಗಿದಿತ್ತು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ ಆಟದ ಮೂವರೂ ಬಂದರು. ಬಾಗಿಲಲ್ಲೇ ನಿಂತರು. ವೆಂಕೋಬನ ಕೈಯಲ್ಲಿ ಕವಡೆ, ಬೀಜಗಳ ಸಣ್ಣ ಚೀಲ.

“ತಂಗೆವ್ವ, ಸಿಟ್ಟಾಗಬ್ಯಾಡ” ಅಂದ. “ಗುಡುಗು ಪೈಲ್ವಾನಂದು ಕವಿತಾಳದಾಗ ಕುಸ್ತಿ ಇತ್ತು. ಒಬ್ಬರ ಪೈಲ್ವಾನನ್ನ ಇನ್ನೊಬ್ಬರು ಮುಟ್ಟಂಗಿಲ್ಲ. ಆತನ್ನ ಏನು ಮಾಡಬೇಕು, ಮನ್ಯಾವರು ಹೇಳಬೇಕು. ಸಾಯಸಬೇಕೋ ಏನೋ.”

ಬಂಡೆಮ್ಮ ಯೋಚಿಸಿದಳು. ಅವನು ಅಲ್ಲಿಯೂ ಸತ್ತರೆ ಕನಕಮ್ಮನೂ ಮುಂಡೆಯಾಗುತ್ತಾಳೆ. ಅವನ ಹೆಸರಲ್ಲಿ ಇನ್ನೊಬ್ಬಳು ಬಳೆ ಒಡೆದುಕೊಳ್ಳುತ್ತಾಳೆ.

“ಸಾಯಸಬ್ಯಾಡ್ರಿ” ಅಂದಳು. “ಆಕೀನ್ನ ತವರಿಗಿ ಕಳಸ್ರಿ. ಅಳಾಕ ನಾನೊಬ್ಬಾಕಿ ಸಾಕು.”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. “ಅದನ್ನ ಕವಡಿಗಿ ಕೇಳಬೇಕವ್ವ” ಅಂದ ವೆಂಕೋಬ. “ಎರಡು ಬಾಯಿ ಮ್ಯಾಲಾದ್ರ ಹೋಗ್ತಾಳ.”

ಬಂಡೆಮ್ಮ ಅಲ್ಲೇ ನೆಲಕ್ಕೆ ಕೂತು ಕವಡೆ ಬೀಸಿದಳು. ಒಂದೇ ಬಾಯಿ ಮೇಲಾಯಿತು.

“ಹೋಗಂಗಿಲ್ಲಂತ” ಎಂದು ಹನುಮಂತ್ರಾಯ ಪಿಸುಗುಟ್ಟಿದ.

“ಗಟ್ಟಿ ಅದಾಳ ರಂಡಿ” ಅಂದಳು ಬಂಡೆಮ್ಮ. ಕವಡೆಗಳನ್ನು ವೆಂಕೋಬನ ಕಡೆಗೆ ಸರಿಸಿದಳು. “ಇರ್ಲಿ. ಚೌಕ ಬರೀರಿ. ಆತನ್ನ ನಾ ಆಡಸ್ತೀನಿ.”

ವೆಂಕೋಬ ಚೌಕ ಬರೆದ. ಹುಣಸೆಬೀಜ ಇಟ್ಟ. ಚೀಲದಿಂದ ಗುಲಗಂಜಿ ತೆಗೆದು ಅದರ ಪಕ್ಕ ಇಟ್ಟ. ಹೊರಡುವ ಮುಂಚಿನ ಊಟ. ಅವನು ಗಂಟಲು ಸರಿಮಾಡಿಕೊಂಡು ಸಣ್ಣ ದನಿ ತೆಗೆದ. “ಬಡಸ್ಲೇನು?”

ಮೂವರೂ ತಲೆ ತಗ್ಗಿಸಿ ಕಾದರು. ಮುಂದಿನ ಮಾತು ಅವರಿಗೆ ಬಾಯಿಪಾಠ. ಹನ್ನೆರಡು ವರ್ಷ ಕೇಳಿದ್ದರು.

ಬಂಡೆಮ್ಮ ಗುಲಗಂಜಿಯನ್ನೇ ನೋಡುತ್ತ ಹೇಳಿದಳು: “ಬಡಸು. ನನ್ನ ಊಟ ಮುಗೀಲಿ. ನೀ ಆಮ್ಯಾಲೆ ಉಣ್ಣು, ಇದs ತಾಟಿನ್ಯಾಗ.”

ವೆಂಕೋಬನ ಸಣ್ಣ ದನಿ ತಡವರಿಸಿತು. “ಆತು” ಅಂದ. ಗುಲಗಂಜಿಯನ್ನು ಎತ್ತಿ ಚೌಕದ ಮೂಲೆಗೆ ಸರಿಸಿದ.

ಬಂಡೆಮ್ಮ ಕವಡೆ ಕೈಗೆ ತೆಗೆದುಕೊಂಡು, ಕವಿತಾಳಕ್ಕೆ ಎಷ್ಟು ಮಂದಿ ಬಂದಿದ್ದಾರೆ ಎಂದು ಕೇಳಿದಳು.