ತಲೆಬುಡವಿಲ್ಲದ ಮಾತಿನ ಚಂದ್ರಮತಿ

ಬೆಳಗಿನ ಆರೂವರೆ. ಕುಂದಾಪುರದಿಂದ ಗುಲ್ವಾಡಿ ಕಡೆ ಹೋಗುವ ರಸ್ತೆಯ ಗೇರುಬೀಜ ಕಾರ್ಖಾನೆಯಲ್ಲಿ ಟ್ಯೂಬ್‌ಲೈಟುಗಳು ಇನ್ನೂ ಉರಿಯುತ್ತಿವೆ. ಉದ್ದನೆಯ ಮೇಜಿನ ಮುಂದೆ ಕುಳಿತ ಚಂದ್ರಮತಿ ಕಿರುಬೆರಳುದ್ದದ ಕತ್ತಿಯಲ್ಲಿ ಬೀಜದ ಕೆಂಪು ಸಿಪ್ಪೆ ಬಿಡಿಸುತ್ತಿದ್ದಾರೆ. ಕಣ್ಣು ಬೀಜದ ಮೇಲೆ, ದನಿ ಮಾತ್ರ ಮೇಜಿನ ಆ ತುದಿಯವರೆಗೆ.

"ನಿನ್ನೆ ನಮ್ಮನಿ ಬಾವಿ ರಜೆ ಹಾಕಿತ್. ಕೊಡಪಾನ ಇಳ್ಸಿರೆ ನೀರಿಲ್ಲೆ, ಒಂದ್ ಚೀಟಿ ಬಂತ್. ತವರ್‌ಮನಿಗೆ ಹೋಯ್ತೆ, ಬುಧವಾರ ಬತ್ತೆ ಅಂದೇಳಿ ಬರದಿತ್."

ಎದುರಿಗೆ ಕುಳಿತ ಪದ್ದು ಕತ್ತಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಪಕ್ಕದ ಸಾಲಿನ ನಾಲ್ಕು ಜನ "ಇವ್ರಿಗೆ ಮಳ್ಳ್, ತಲೆ ಸಮ ಇಲ್ಲೆ" ಎಂಬಂತೆ ಮುಖ ನೋಡಿ ಕೆಲಸ ಮುಂದುವರಿಸುತ್ತಾರೆ. ಚಂದ್ರಮತಿ ಎರಡೂ ಕಡೆಯವರನ್ನು ಗಮನಿಸುತ್ತಾರೆ. ಈ ಮೇಜಿನ ಮುಂದೆ ಕುಳಿತ ಇಪ್ಪತ್ತಮೂರು ವರ್ಷಗಳಲ್ಲೂ ಅವರಿಗೆ ಇದೊಂದೇ ಕುತೂಹಲ: ಒಂದೇ ಮಾತಿಗೆ ಒಬ್ಬರಿಗೆ ನಗು ಬರುತ್ತದೆ, ಇನ್ನೊಬ್ಬರಿಗೆ ಯಾಕೆ ಬರುವುದಿಲ್ಲ?

ಈ ಪ್ರಶ್ನೆ ಹುಟ್ಟಿದ್ದು ಕೆರಾಡಿಯಲ್ಲಿ, ಅವರ ತವರಿನಲ್ಲಿ. ಶಾಲೆಗೆ ಹೋಗುವ ಕಾಡುದಾರಿಯಲ್ಲಿ ತಮ್ಮ, ತಂಗಿ ಇಬ್ಬರಿಗೂ ಹುಲಿಯ ಹೆದರಿಕೆ. ಹತ್ತು ವರ್ಷದ ಚಂದ್ರಮತಿ ಒಂದು ದಿನ, ಹುಲಿ ಹಲ್ಲು ಕೀಳಿಸಲು ಕುಂದಾಪುರಕ್ಕೆ ಹೋಗಿದೆ, ಇವತ್ತು ಕಾಡಿನಲ್ಲಿ ಇಲ್ಲ ಎಂದರು. ತಮ್ಮ ಬಿದ್ದು ಬಿದ್ದು ನಕ್ಕ. ತಂಗಿ ಮಾತ್ರ, ಹಲ್ಲುನೋವಲ್ಲಿ ವಾಪಸು ಬರುವ ಹುಲಿಗೆ ಸಿಟ್ಟು ಇನ್ನೂ ಜಾಸ್ತಿ ಇರುತ್ತದಲ್ಲ ಎಂದು ಜೋರಾಗಿ ಅತ್ತಳು. ಐದನೆಯ ತರಗತಿಗೆ ಶಾಲೆ ನಿಂತಿತು. ಪ್ರಶ್ನೆ ಜೊತೆಗೇ ಬಂತು.

ಈಗ ಅವರಿಗೆ ಐವತ್ತೆರಡು. ಐದೂಮುಕ್ಕಾಲಿಗೆ ಕಾರ್ಖಾನೆಯ ವ್ಯಾನು ಹತ್ತಬೇಕು. ದಿನಕ್ಕೆ ಹತ್ತು ಕಿಲೋ ಬೀಜ ಕೈ ದಾಟುತ್ತದೆ. ತುಂಡಾದರೆ ಬೆಲೆಯಿಲ್ಲ, ಇಡಿಯಾಗಿಯೇ ಉಳಿಯಬೇಕು. ಬೆರಳ ತುದಿಯ ಗೆರೆಗಳು ಸವೆದು, ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುವುದೇ ಇಲ್ಲ. ಸಂಜೆ ಸೊಂಟ ನೆಟ್ಟಗಾಗಲು ಕಾಲು ಗಂಟೆ ಬೇಕು. ಸೂಪರ್‌ವೈಸರ್ ರಾಘವೇಂದ್ರ ಮೊದಮೊದಲು, ನಗುತ್ತಾ ಕುಳಿತರೆ ಕೈ ನಿಲ್ಲುತ್ತದೆ ಎಂದು ಬೈದಿದ್ದರು. ಈಗ ಮಧ್ಯಾಹ್ನದ ಜೊಂಪು ಹತ್ತುವ ಹೊತ್ತಿಗೆ ಅವರೇ ಆ ಮೇಜಿನ ಬಳಿ ಒಂದು ಸುತ್ತು ಹೆಚ್ಚು ಹಾಕುತ್ತಾರೆ.

ಯಾರು ನಗುತ್ತಾರೆ ಎಂಬುದಕ್ಕೆ ಚಂದ್ರಮತಿ ಒಂದು ಲೆಕ್ಕಾಚಾರ ಹಾಕಿದ್ದರು. ಎಲ್ಲವೂ ಅಚ್ಚುಕಟ್ಟಾಗಿರಬೇಕು ಎನ್ನುವವರಿಗೆ ಇಂಥ ಮಾತು ಹಿಡಿಸುವುದಿಲ್ಲ, ಅಷ್ಟೆ. ಆದರೆ ಊಟದ ಡಬ್ಬಿಯ ಬಟ್ಟೆಯನ್ನೂ ನಾಲ್ಕು ಮಡಿಕೆ ಮಾಡಿಡುವ ಪದ್ದುವೇ ಎಲ್ಲರಿಗಿಂತ ಹೆಚ್ಚು ನಗುತ್ತಾರೆ. ಲೆಕ್ಕ ಅಲ್ಲಿಗೇ ತಪ್ಪಿತು. ಅದನ್ನು ಪೂರ್ತಿ ಬುಡಮೇಲು ಮಾಡಿದವರು ಎಡಬದಿಯಲ್ಲಿ ಕೂರುವ ಸುಗುಣ.

ಹನ್ನೊಂದು ವರ್ಷ ಪಕ್ಕದಲ್ಲೇ ಕುಳಿತರೂ ಸುಗುಣ ಒಮ್ಮೆಯೂ ನಕ್ಕವರಲ್ಲ. ಪ್ರತಿ ಕಥೆಗೂ ಅವರದ್ದೊಂದು ಗಂಭೀರ ಪ್ರಶ್ನೆ ಇರುತ್ತಿತ್ತು. ಕಳೆದ ವರ್ಷ ಅವರ ಗಂಡ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದವರು ಹಾಗೆಯೇ ಒರಗಿದರು, ಮತ್ತೆ ಏಳಲಿಲ್ಲ. ಹದಿನಾರು ದಿನ ಕಳೆದು ಸುಗುಣ ಕೆಲಸಕ್ಕೆ ಬಂದಾಗ ಚಂದ್ರಮತಿ ಬಾಯಿ ಕಟ್ಟಿಕೊಂಡರು. ಮೂರು ವಾರ ಆ ಮೇಜಿನಲ್ಲಿ ಕತ್ತಿಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಒಂದು ಬೆಳಿಗ್ಗೆ ಸುಗುಣ ತಲೆ ಎತ್ತದೆ ಕೇಳಿದರು: "ಅಕ್ಕ, ಬುಡ ಇಲ್ದಿದ್ ಮಾತ್ ಒಂದ್ ಹೇಳಿ."

ಚಂದ್ರಮತಿಯ ಕೈಯಲ್ಲಿದ್ದ ಬೀಜ ಎರಡು ಹೋಳಾಯಿತು. ಕಿಟಕಿಯಲ್ಲಿ ಆಗಷ್ಟೇ ಬಿಸಿಲು ಬಿದ್ದಿತ್ತು. ಅದನ್ನು ನೋಡಿ, ಇವತ್ತು ಸೂರ್ಯ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದಿದ್ದಾನೆ, ಇನ್ನೊಂದನ್ನು ಬೈಂದೂರು ಬಸ್ಸಿನಲ್ಲಿ ಬಿಟ್ಟನಂತೆ ಎಂದುಬಿಟ್ಟರು. ಯಾವ ಬಸ್ಸು ಎಂದು ಸುಗುಣ ಎಂದಿನಂತೆ ಕೇಳಿದರು. ಕೇಳಿದ ಮೇಲೆ ತನ್ನ ಪ್ರಶ್ನೆಗೆ ತಾನೇ ನಕ್ಕರು. ನಗು ಅಳುವಾಯಿತು, ಅಳು ಮತ್ತೆ ನಗುವಾಯಿತು. ಪದ್ದು ನೀರು ತಂದುಕೊಟ್ಟರು. ರಾಘವೇಂದ್ರ ದೂರದಿಂದ ಕಂಡೂ ಕಾಣದಂತೆ ಹೋದರು.

ಆ ದಿನ ಏನಾಯಿತು ಎಂದು ಕೇಳಿದರೆ ಸುಗುಣ ಸಿಪ್ಪೆ ಬಿಡಿಸುತ್ತಲೇ ಹೇಳುತ್ತಾರೆ: "ಮನಿಗೆ ಬಂದೋರೆಲ್ಲ ಸಮ ಮಾತೇ ಹೇಳ್ರ್. ಹಣೆಬರ, ದೇವ್ರ ಇಚ್ಛೆ, ಧೈರ್ಯ ತಕೋ. ಒಂದೂ ನನ್ ಮನ್ಸಿಗ್ ಇಳೀಲಿಲ್ಲೆ. ಚಾ ಕುಡೂಕ್ ಕೂತೋರ್ ಚಾ ಮುಗ್ಸುಕ್ ಮುಂಚೆ ಇಲ್ಲೆ ಅಂದ್ರೆ, ಅದ್ಕಿಂತ ಬುಡ ಇಲ್ದಿದ್ ಮಾತ್ ಬೇರೆ ಇತ್ತಾ? ಹಾಂಗಾಯಿ ಅಕ್ಕನ ಮಾತೇ ಸಮ ಕಂಡ್ತ್."

ಲೋಕ ನೆಟ್ಟಗಿದೆ ಎಂದು ನಂಬಿಕೊಂಡಿದ್ದಷ್ಟು ದಿನ ಸುಗುಣರಿಗೆ ಆ ಕಥೆಗಳು ಬೇಕಿರಲಿಲ್ಲ. ಹಾಗಾದರೆ ಪದ್ದು ನಗುವುದು ಯಾಕೆ? ಪದ್ದುವಿನ ಮನಸ್ಸಿನಲ್ಲಿ ಏನು ಮುರಿದಿದೆಯೋ, ಅಥವಾ ಏನೂ ಮುರಿಯದೆಯೇ ನಗುವವರೂ ಇದ್ದಾರೋ, ಚಂದ್ರಮತಿಗೆ ತಿಳಿಯದು. "ಅದ್ನೆಲ್ಲ ಬಗೆದ್ ಕಾಂಬುಕಾಗ. ನೆಗಿ ಬಂದ್ರೆ ಬರ್ಲಿ" ಎನ್ನುತ್ತಾರೆ.

ನಿಮಗೇನು ಬೇಕು ಎಂದು ಕೇಳಿದಾಗ ಅವರು ಪಗಾರದ ಸುದ್ದಿ ಎತ್ತುವುದಿಲ್ಲ. ತನ್ನ ಕಥೆ ಎಲ್ಲಿಗೆ ಹೋಗುತ್ತದೆಂದು ತನಗೆ ಮೊದಲೇ ಗೊತ್ತಿರುವುದರಿಂದ ತನಗೆ ನಗು ಬರುವುದಿಲ್ಲವಂತೆ. ಒಂದು ಸಲ ಬೇರೆ ಯಾರಾದರೂ ಹೇಳಿ, ತಾನು ಸುಮ್ಮನೆ ಕೇಳುವವಳಾಗಬೇಕು, ಅಷ್ಟೇ ಆಸೆ.

ಕಳೆದ ಶನಿವಾರ ವ್ಯಾನು ಇಳಿಯುವಾಗ ಸುಗುಣ ಚಂದ್ರಮತಿಯ ಕಿವಿಯಲ್ಲಿ, ನಮ್ಮನೆ ಬೆಕ್ಕು ಕೋಡಿಯ ಕಡಲತೀರಕ್ಕೆ ಹೋಗಿ ಮೀನುಗಳಿಗೆ ಸಮಾಧಾನ ಹೇಳಿ ಬಂತು ಎಂದರಂತೆ. ಅದನ್ನು ಹೇಳುವಾಗ ಚಂದ್ರಮತಿಯ ಕೈ ಮೊದಲ ಸಲ ಕೆಲಸ ನಿಲ್ಲಿಸುತ್ತದೆ.

"ಮೀನ್ ಎಂತ ಹೇಳ್ತ್ ಅಂತ ಕೇಂಡೆ. ಸೋಮವಾರ ಹೇಳ್ತೆ ಅಂದ್ಲ್. ಆಯ್ತಾರ ಇಡೀ ನಂಗ್ ಅದೇ ಯೋಚ್ನೆ."