ಆಚೆ ದಡದ ಕೆಂಪು ಬಟ್ಟೆ

ದೆವ್ವ, ಶಕುನ ಎಂದರೆ ನಕ್ಕುಬಿಡುವ ಆಸಾಮಿ ನಾನು. ಈಗಲೂ ನಗುತ್ತೇನೆ. ಆದರೆ ಒಂದು ದಿನ ಹಾಡಹಗಲಲ್ಲೇ ಕಣ್ಣಾರೆ ಕಂಡದ್ದನ್ನು ಮಾತ್ರ ನಕ್ಕು ತೇಲಿಸಿಬಿಡಲು ಇಂದಿಗೂ ಆಗಿಲ್ಲ.

ಆಗ ನಾನು ನರಸೀಪುರದ ಬಳಿ ಕಾವೇರಿಯ ಹರಿಗೋಲು ಕಡವಿನ ಗುಮಾಸ್ತ. ಹೊಳೆ ತುಂಬಿದಾಗ ಒಂದು ಸಲಕ್ಕೆ ಒಂದೇ ಹರಿಗೋಲು ನೀರಿಗಿಳಿಯಬೇಕು. ಯಾರು ಮೊದಲು, ಯಾರು ಆಮೇಲೆ ಎಂದು ಹೇಳುವವನು ನಾನು. ಸರ್ಕಾರಿ ಟಪಾಲು, ಅಧಿಕಾರಿಗಳು, ಆಮೇಲೆ ಜನ, ಕೊನೆಗೆ ಮೂಟೆ. ಇವರೆಲ್ಲರಿಗಿಂತ ಮೊದಲು ರೋಗಿ. ಆಸ್ಪತ್ರೆ ಇದ್ದದ್ದು ನಮ್ಮ ದಡದಲ್ಲಿ. ಆಚೆ ದಡಕ್ಕೆ ರೋಗಿ ಬಂದು, ಅಲ್ಲಿನ ಕಾವಲುಗಾರ ಬಿದಿರು ಗಳುವಿಗೆ ಕೆಂಪು ಬಟ್ಟೆ ಏರಿಸಿದನೆಂದರೆ, ಇಲ್ಲಿ ಯಾರೇ ಕಾದಿರಲಿ, ಹರಿಗೋಲು ಖಾಲಿಯಾಗಿಯೇ ಹೊರಡಬೇಕು. ಭಾರ ಹೊತ್ತರೆ ಸೆಳವಿಗೆ ಸಿಕ್ಕಿ ಎಷ್ಟೋ ಕೆಳಗೆ ದಡ ಸೇರುತ್ತಿತ್ತು.

ಆವತ್ತು ಅಮಲ್ದಾರರು ಡೇರೆ, ಪೆಟ್ಟಿಗೆ, ಆಳುಗಳೊಡನೆ ಬಂದಿದ್ದರು. ಸಾಮಾನು ಅರ್ಧ ಏರಿಸಿ ತಲೆಯೆತ್ತಿದೆ. ಆಚೆ ಗಳುವಿನ ತುದಿಯಲ್ಲಿ ಕೆಂಪು ಬಟ್ಟೆ.

"ಎಲ್ಲಾ ಇಳಿಸಯ್ಯ," ಎಂದೆ ಅಂಬಿಗ ನಿಂಗಯ್ಯನಿಗೆ.

"ನಂಗೇನೂ ಕಾಣ್ತಿಲ್ವಲ್ಲ, ಸೋಮಿ," ಎಂದ ಅವನು.

ಅಮಲ್ದಾರರು ಆ ಕಡೆ ಒಮ್ಮೆ ನೋಡಿ, "ಅಲ್ಲೇನಿದೆ ರೀ? ನಿಮ್ಮ ಕೆಲಸ ಉಳೀಬೇಕೋ ಬೇಡವೋ?" ಎಂದು ಗುಡುಗಿದರು. ಮನೆಯಲ್ಲಿ ಮೂವರು ಮಕ್ಕಳು. ಆದರೂ ನನ್ನ ಕಣ್ಣಿನ ಮೇಲೆ ನನಗೆ ನಂಬಿಕೆ. ಖಾಲಿ ಹರಿಗೋಲನ್ನೇ ಕಳಿಸಿದೆ.

ಆಚೆ ನರಪಿಳ್ಳೆಯೂ ಇರಲಿಲ್ಲವಂತೆ, ಗಳು ಬೋಳಾಗಿತ್ತಂತೆ. ನಿಂಗಯ್ಯ ನನ್ನನ್ನು ಬೈದುಕೊಂಡು ಹಿಂತಿರುಗಬೇಕು, ಅಷ್ಟರಲ್ಲಿ ತಲಕಾಡಿನ ಕಡೆಯಿಂದ ನಾಲ್ವರು ಕಂಬಳಿ ಜೋಲಿಯಲ್ಲಿ ಹೆಂಗಸೊಬ್ಬಳನ್ನು ಹೊತ್ತು ಓಡೋಡಿ ಬಂದರು. ಎರಡು ದಿನದಿಂದ ಹೆರಿಗೆ ಬೇನೆ. ತಾಯಿ, ಮಗು ಇಬ್ಬರೂ ಉಳಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಕೆಂಪು ಬಟ್ಟೆಯೋ, ಆಚೆ ಕಾವಲುಗಾರನ ಪೆಟ್ಟಿಗೆಯಲ್ಲಿ ಬೀಗದೊಳಗಿತ್ತು. ಅವನು ಬೆಳಗಿನಿಂದ ಊರಲ್ಲೇ ಇರಲಿಲ್ಲ.

ಅಮಲ್ದಾರರು ಮತ್ತೆ ನನ್ನ ಕೆಲಸದ ಮಾತೆತ್ತಲಿಲ್ಲ. ಮರುವರ್ಷ ನಂಜನಗೂಡಿಗೆ ವರ್ಗವಾಗಿ ಹೊರಟ ದಿನ ನನ್ನನ್ನು ಪಕ್ಕಕ್ಕೆ ಕರೆದರು.

"ಆವತ್ತು ಆ ಬಟ್ಟೆ ನನಗೂ ಕಂಡಿತ್ತು ಕಣ್ರೀ. ಅವಸರವಿತ್ತು, ಇಲ್ಲ ಅಂದುಬಿಟ್ಟೆ."

ಯಾರೂ ಕಟ್ಟದ ಬಟ್ಟೆ ಇಬ್ಬರಿಗೂ ಹೇಗೆ ಕಂಡಿತೆಂದು ಅವರು ಕೇಳಲಿಲ್ಲ. ನನಗೂ ಇಂದಿಗೂ ಗೊತ್ತಿಲ್ಲ.