ಕೆಂಪು ಎಂದರೆ ಮುರಕಲ್ಲಲ್ಲ

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳಿಗೆ ಸದಾ ಕೆಂಪು ಶಾಯಿ ಮೆತ್ತಿರುತ್ತಿತ್ತು. ಮಣಿಪಾಲದಲ್ಲಿ ಅವರು ನಮಗೆ ನಕಾಶೆ ಮಾಡುವ ಜಿಐಎಸ್ ವಿದ್ಯೆ ಕಲಿಸುತ್ತಿದ್ದರು. ಉಪಗ್ರಹದ ಚಿತ್ರ, ಗುಡ್ಡದ ಇಳಿಜಾರು, ಒಣಹುಲ್ಲು, ಗಾಳಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ, ಕಾಡ್ಗಿಚ್ಚು ಎಲ್ಲೆಲ್ಲಿ ಏಳಬಹುದೆಂಬ ನಕಾಶೆ ತಯಾರಿಸುವರು. ಅಷ್ಟಾದ ಮೇಲೂ ಅಚ್ಚಾದ ಹಾಳೆಯಲ್ಲಿ ಅಪಾಯದ ಜಾಗಗಳಿಗೆ ಸ್ಕೆಚ್ ಪೆನ್ನಿನಿಂದ ಮತ್ತೆ ಕೆಂಪು ತುಂಬಿ ಹೆಬ್ಬೆರಳಿನಿಂದ ಉಜ್ಜುವರು. "ಪ್ರಿಂಟರಿನ ಕೆಂಪು ನೋಡಿದರೆ ಯಾರಿಗೂ ಹೆದರಿಕೆಯೇ ಆಗುವುದಿಲ್ಲ ಮಾರಾಯ" ಎನ್ನುವರು. ಗದಗಿನಿಂದ ಬಂದು ಪರ್ಕಳದಲ್ಲಿ ರೂಮು ಮಾಡಿದ್ದ ನನಗೆ ಆ 'ಮಾರಾಯ' ಕೇಳಿದರೆ ಊಟ ಮಾಡಿದಷ್ಟು ಸಮಾಧಾನ.

ಒಮ್ಮೆ ಹೆಬ್ರಿ ಕಡೆಯ ಪಂಚಾಯತಿಗೆ ನಕಾಶೆ ಒಯ್ದೆವು. ಗುಡ್ಡದ ಸುತ್ತ ಹುಲ್ಲು ಹೆರೆಸಿ ಬೆಂಕಿ ದಾಟದಂತೆ ಖಾಲಿ ಪಟ್ಟಿ ಮಾಡಿಸಬೇಕೆಂಬುದೇ ಮೇಡಂ ಅವರ ಹಟ. ಗೇರುತೋಟದ ಹಿರಿಯರೊಬ್ಬರು ಎದ್ದು ಬಂದು ನಕಾಶೆಯಲ್ಲಿ ಕೆಂಪಾಗಿದ್ದ ತಮ್ಮ ಗುಡ್ಡದ ಮೇಲೆ ಬೆರಳಿಟ್ಟರು.

"ನಮ್ಮಲ್ಲಿ ಇಷ್ಟೂ ಮುರಕಲ್ಲು ಉಂಟಾ ಮೇಡಂ? ಕಲ್ಲುಕೋರೆ ಮಾಡಬಹುದಾ?"

ಅಲ್ಲಿ ಮನೆ ಕಟ್ಟುವುದೇ ಆ ಕೆಂಪು ಕಲ್ಲಿನಲ್ಲಿ. ಅವರ ಕಣ್ಣಿಗೆ ನೆಲದ ಕೆಂಪೆಂದರೆ ಅದೇ. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಕಲ್ಲಲ್ಲ ಅಣ್ಣಾ, ಬೆಂಕಿ."

"ಎಂತ ಬೆಂಕಿ? ಅಲ್ಲಿ ಏನೂ ಇಲ್ಲವಲ್ಲ!"

"ಈಗ ಇಲ್ಲ. ಬರಬಹುದು."

ಬರಬಹುದು ಎಂದದ್ದೇ ತಡ, ಸಭೆ ನಿರಾಳವಾಯಿತು. ಹುಲ್ಲು ಹೆರೆಯಲು ಎಲ್ಲರೂ ಒಪ್ಪಿದರು. ಆಮೇಲೆ ಮದುವೆ ಬಂತು, ದೈವದ ನೇಮ ಬಂತು, ಆಳು ಸಿಗಲಿಲ್ಲ.

ಒಂದು ಮಧ್ಯಾಹ್ನ ಕಂಪ್ಯೂಟರಿನ ಪರದೆಯಲ್ಲಿ ಅದೇ ಗುಡ್ಡದ ಮೇಲೆ ಬೆಂಕಿಯ ಚುಕ್ಕೆ ಮೂಡಿತು. ಮೇಡಂ ಫೋನು ಮಾಡಿದರು, ಮತ್ತೆ ಮತ್ತೆ ಮಾಡಿದರು. ಕೊನೆಗೆ ಹಿರಿಯರು ಎತ್ತಿದರು. "ಗೇರು ಪೂರಾ ಹೋಯಿತು ಮೇಡಂ. ನೀವು ಹೇಳಿದಲ್ಲೇ."

ಉಪಗ್ರಹ ಕಾಣುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೇಡಂ ಹೆಬ್ಬೆರಳಿನ ಕೆಂಪನ್ನು ನೋಡಿಕೊಂಡರು.

"ನಕಾಶೆ ಸರಿ ಇತ್ತು ಮಾರಾಯ. ಸರಿ ಇದ್ದು ಎಂತ ಆಯಿತು?"

ಮುಂದೆ ಕಾಯಿಲೆ ಬಿದ್ದು ಮೇಡಂ ತೀರಿಕೊಂಡರು. ಅವರ ಕೆಲಸ ನನ್ನ ಕೈಗೆ ಬಂತು.

ಈ ಬೇಸಗೆಯಲ್ಲಿ ಅದೇ ಪಂಚಾಯತಿಗೆ ಹೋಗಿದ್ದೆ. ಗುಡ್ಡದಲ್ಲಿ ಹುಲ್ಲು ಮತ್ತೆ ಸೊಂಟದೆತ್ತರ ಒಣಗಿ ನಿಂತಿದೆ. ಮೇಡಂ ಅಂದು ಪಂಚಾಯತಿಯ ಗೋಡೆಗೆ ಹಾಕಿಸಿದ್ದ ನಕಾಶೆಯಲ್ಲಿ ಮಾತ್ರ ಬಿಸಿಲು ಕೆಂಪನ್ನೆಲ್ಲ ತಿಂದಿದೆ; ನೋಡಿದರೆ ಎಲ್ಲೂ ಅಪಾಯವೇ ಇಲ್ಲ. ಪೆನ್ನು ತೆಗೆದು ಬಣ್ಣ ತುಂಬಿ ಹೆಬ್ಬೆರಳಿನಿಂದ ಉಜ್ಜಿದೆ. ಹಿಂದಿನಿಂದ ಪಂಚಾಯತಿಯ ಹೊಸ ಗುಮಾಸ್ತೆ ಕೇಳಿದರು:

"ಸರ್, ಅಲ್ಲಿ ಮುರಕಲ್ಲು ಉಂಟಾ?"

ಮೇಡಂ ಅಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ನನಗೆ ನೀರು ಮಾತ್ರ ಬಂತು.